ಸಹಾಯ ಬೇಕು: ಇಳಕಲ್ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಕೈಗೆ ಪೆಟ್ಟು, ಮಾಲೀಕರ ಬಳಿ ವಿಮೆ ಇಲ್ಲ

ಎಲ್ಲರಿಗೂ ನಮಸ್ಕಾರ. 2024ರ ನವೆಂಬರ್‌ನಲ್ಲಿ ನನ್ನ ತಮ್ಮನ ಬಲಗೈಯ ಎರಡು ಬೆರಳು ಕಲ್ಲಿನ ಚಪ್ಪಡಿ ಕೆಳಗೆ ಸಿಕ್ಕಿ ಹೋದವು. ಈಗ ರೊಟ್ಟಿ ಮುರಿಯೋಕೂ ಎಡಗೈಯೇ ಬೇಕು. ಘಟಕದಲ್ಲಿ ಆರೇ ಜನ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇಲ್ಲ.

ಮಾಲೀಕರು ಆಸ್ಪತ್ರೆ ಬಿಲ್ ಅರ್ಧ ಕೊಟ್ಟರು. ಆಮೇಲೆ 'ಇನ್ಶೂರೆನ್ಸ್ ಮಾಡಿಸಿಲ್ಲ, ನಾನೇನು ಮಾಡಲಿ' ಅಂತ ಕೈ ಎತ್ತಿಬಿಟ್ಟರು. ವಿಮೆ ಮಾಡಿಸದೇ ಇದ್ದದ್ದು ಅವರ ತಪ್ಪು, ಅಲ್ವಾ? ಅಪಘಾತವಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ಪ್ರಕಾರ ವಿಮೆ ಇರಲಿ ಬಿಡಲಿ, ಪರಿಹಾರ ಮಾಲೀಕರೇ ಕೊಡಬೇಕು. ಆ ಕಾಯ್ದೆಯಲ್ಲಿ ಅರ್ಜಿಗೆ ಅಪಘಾತದಿಂದ 2 ವರ್ಷದ ಗಡುವು, ಅದಕ್ಕೇ ಈ ಅವಸರ.

ತೊಡಕು ಇಲ್ಲಿದೆ. ತಿಂಗಳಿಗೆ 14,000 ರೂಪಾಯಿ, ಎಲ್ಲಾ ಕೈಗೇ. ಪಗಾರ ಚೀಟಿ ಇಲ್ಲ, ಹಾಜರಿ ಪುಸ್ತಕ ಅವರ ಹತ್ತಿರ. ನಮ್ಮ ಹತ್ತಿರ ಇರೋದು ಎರಡು ಸಲ ಫೋನ್‌ಪೇಯಲ್ಲಿ ಬಂದ ಅಡ್ವಾನ್ಸ್, 'ನಾಳೆ ಬೇಗ ಬಾ, ಲೋಡ್ ಐತಿ' ಅನ್ನೋ ಅವರ ವಾಟ್ಸಾಪ್ ಧ್ವನಿ, ಆಸ್ಪತ್ರೆ ಕಾಗದ. ಇಷ್ಟು ಸಾಕಾ? ಜೊತೆಗಾರರು ಸಾಕ್ಷಿಗೆ ಹೆದರುತ್ತಿದ್ದಾರೆ, ಅವರಿಗೂ ಹೊಟ್ಟೆಪಾಡು.

ಇನ್ನೊಂದು ಮಾತು. ಆದೇಶವಾದರೂ ಕೊಡದಿದ್ದರೆ ಭೂಕಂದಾಯ ಬಾಕಿಯಂತೆ (ಅಂದರೆ ಆಸ್ತಿ ಜಪ್ತಿ ಮಾಡಿಯಾದರೂ) ವಸೂಲಿ ಮಾಡಬಹುದು ಅಂತ ಆ ಕಾಯ್ದೆಯಲ್ಲಿತ್ತು. ಹಾಗೆ ನಿಜಕ್ಕೂ ದುಡ್ಡು ಕೈಗೆ ಬಂದವರು ಇದ್ದೀರಾ? ಎಷ್ಟು ದಿನ ಹಿಡಿಯಿತು? ಮಾಲೀಕರು ಮಷಿನ್ ಮಾರುತ್ತಾರಂತೆ, ಸುಮ್ನೆ ಹೆದರಿಸೋಕೋ ಏನೋ.

ಬಾಗಲಕೋಟೆ ಕಡೆ ಇಂಥ ಕೇಸ್ ನಡೆಸಿದ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ.