ತೊಂಬತ್ತರಲ್ಲಿರುವ 'ತೊಂ' ಏನು?

ಗೆಳೆಯರಿಗೆಲ್ಲ ನಮಸ್ಕಾರ.

ತೊಂಬತ್ತು ಎನ್ನುವ ಪದದ ಬಗ್ಗೆ ಕೇಳಬೇಕಿತ್ತು. ಇಪ್ಪತ್ತರಿಂದ ಎಂಬತ್ತರವರೆಗೆ ನಮ್ಮ ಎಣಿಕೆ ಸಲೀಸಾಗಿದೆ. ಇಪ್ಪತ್ತರಲ್ಲಿ ಎರಡು, ಮೂವತ್ತರಲ್ಲಿ ಮೂರು, ಎಂಬತ್ತರಲ್ಲಿ ಎಂಟು ಇರುವುದು ಸ್ವಲ್ಪ ಗಮನಿಸಿದರೆ ತಿಳಿಯುತ್ತದೆ. ತೊಂಬತ್ತಕ್ಕೆ ಬಂದಾಗ ಮಾತ್ರ ಒಂಬತ್ತು ಎಲ್ಲಿ ಹೋಯಿತು? ಅದರ ಜಾಗದಲ್ಲಿ ಕೂತಿರುವ 'ತೊಂ' ಯಾವುದು?

ಪ್ರಶ್ನೆ ಹುಟ್ಟಿದ್ದು ನಮ್ಮ ಹಾಸ್ಟೆಲ್ಲಿನ ಮೆಸ್ಸಿನಲ್ಲಿ. ನಾನು ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ತೆಲುಗು, ತಮಿಳು, ಮಲಯಾಳಂ, ಹಿಂದಿ, ಮಣಿಪುರಿ ಮಾತಾಡುವವರೆಲ್ಲ ಒಂದೇ ಮೇಜಿಗೆ ಕೂರುತ್ತೇವೆ. ನಮ್ಮ ಮಾತೆಲ್ಲ ಹಿಂದಿ, ಇಂಗ್ಲಿಷ್ ಬೆರಕೆ. ಆದರೆ ದುಡ್ಡು ಎಣಿಸುವಾಗ ಪ್ರತಿಯೊಬ್ಬರೂ ಅವರವರ ಮನೆಮಾತಿಗೆ ಹೊರಳುತ್ತಾರೆ. ಚಹಾದ ಬಾಕಿ ಲೆಕ್ಕ ಹಾಕುತ್ತಾ ಮಧುರೆಯ ಗೆಳೆಯ 'ತೊಣ್ಣೂರು' ಎಂದ. ಬಳ್ಳಾರಿ ಕಡೆಯ ಹುಡುಗನಿಗೆ ಅದರಲ್ಲಿ ಕೇಳಿಸಿದ್ದು 'ನೂರು' ಮಾತ್ರ. "ಏನು, ಒಂಬೈನೂರಾ?" ಅಂತ ಗಾಬರಿಯಾದ. ಆಗಿದ್ದದ್ದು ತೊಂಬತ್ತು ರೂಪಾಯಿ ಅಷ್ಟೇ.

ಆಮೇಲೆ ಎಲ್ಲರೂ ತಂತಮ್ಮ ಎಣಿಕೆ ಹೇಳತೊಡಗಿದರು. ತಮಿಳಿನಲ್ಲಿ 9 ಒನ್ಬದು, 90 ತೊಣ್ಣೂರು, 900 ತೊಳ್ಳಾಯಿರಂ. ಮಲಯಾಳಂನಲ್ಲೂ ಹೆಚ್ಚುಕಡಿಮೆ ಹೀಗೇ. ಅಂದರೆ ಒಂಬತ್ತರ ಹೆಸರಿನಲ್ಲಿ ಹತ್ತು ಇದೆ, ತೊಂಬತ್ತರ ಹೆಸರಿನಲ್ಲಿ ನೂರು ಇದೆ, ಒಂಬೈನೂರರ ಹೆಸರಿನಲ್ಲಿ ಸಾವಿರ ಇದೆ! ಪ್ರತಿ ಸಲವೂ ಮುಂದಿನ ಮೆಟ್ಟಿಲಿನ ಹೆಸರೇ. ತೆಲುಗಿನವರದು ಇದಕ್ಕೆ ಪೂರ್ತಿ ಬೇರೆ. 9 ತೊಮ್ಮಿದಿ, 90 ತೊಂಭೈ, 900 ತೊಮ್ಮಿದಿ ವಂದಲು. ಎಲ್ಲ ಕಡೆಯೂ 'ತೊ' ಇದೆ, ಎಲ್ಲೂ ಗೊಂದಲವಿಲ್ಲ. ಕನ್ನಡ ಇವೆರಡರ ನಡುವೆ ನಿಂತಿದೆ. ಒಂಬತ್ತು ತಮಿಳಿನ ಹಾಗೆ, ತೊಂಬತ್ತು ತೆಲುಗಿನ ಹಾಗೆ, ಒಂಬೈನೂರು ನಮ್ಮದೇ ದಾರಿ. ತೊಂಬತ್ತೊಂಬತ್ತು ಅಂತ ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಒಂಬತ್ತಕ್ಕೆ ಇರುವ ಎರಡು ರೂಪಗಳೂ ಒಂದೇ ಪದದಲ್ಲಿ ಅಕ್ಕಪಕ್ಕ ಸಿಗುತ್ತವೆ.

ಒಂಬತ್ತನ್ನು 'ಒಂದು ಕಡಿಮೆ ಹತ್ತು' ಎಂದು ಬಿಡಿಸುವುದು ಹಳೆಯ ವಿವರಣೆ, ನನಗೂ ಅದು ಒಪ್ಪಿಗೆ. ಇಂಥ ಎಣಿಕೆ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಇಂಫಾಲದ ಗೆಳತಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಮಣಿಪುರಿಯಲ್ಲಿ ಎಂಟಕ್ಕೆ ನಿಪಾನ್, ಒಂಬತ್ತಕ್ಕೆ ಮಾಪನ್. ಹತ್ತಕ್ಕೆ ಎರಡು ಕಡಿಮೆ, ಹತ್ತಕ್ಕೆ ಒಂದು ಕಡಿಮೆ. ಅವರ ನಲವತ್ತು, ಅರವತ್ತು, ಎಂಬತ್ತು ಇನ್ನೂ ಚೆಂದ: ನಿಫು, ಹುಮ್ಫು, ಮರಿಫು. ಎರಡು ಇಪ್ಪತ್ತು, ಮೂರು ಇಪ್ಪತ್ತು, ನಾಲ್ಕು ಇಪ್ಪತ್ತು. ಕಾಲಿನ ಬೆರಳನ್ನೂ ಸೇರಿಸಿಕೊಂಡು ಎಣಿಸಿದ ಲೆಕ್ಕ ಇರಬೇಕು ಅಲ್ವಾ? ಹಿಂದಿಯ ಉನ್ನೀಸ್, ಉನತೀಸ್ ಕೂಡ 'ಇಪ್ಪತ್ತಕ್ಕೆ ಒಂದು ಕಡಿಮೆ, ಮೂವತ್ತಕ್ಕೆ ಒಂದು ಕಡಿಮೆ'. ನೈಜೀರಿಯಾದ ಯೊರುಬಾದಲ್ಲಂತೂ ಹದಿನೈದು ಎಂದರೆ ಇಪ್ಪತ್ತಕ್ಕೆ ಐದು ಕಡಿಮೆ, ಐವತ್ತು ಎಂದರೆ ಅರವತ್ತಕ್ಕೆ ಹತ್ತು ಕಡಿಮೆ.

ಇದೇ ಜಾಡಿನಲ್ಲಿ ಕೆಲವರು 'ತೊಣ್' ಅಂದರೂ 'ಕೊರತೆ' ಎಂದೇ ಅರ್ಥ ಮಾಡುತ್ತಾರೆ. ತಮಿಳಿಗೆ ಅದು ಹೊಂದುತ್ತದೆ: ಕೊರತೆಯ ನೂರು ತೊಂಬತ್ತು, ಕೊರತೆಯ ಸಾವಿರ ಒಂಬೈನೂರು. ಆದರೆ ಅದೇ ಅರ್ಥವನ್ನು ಕನ್ನಡಕ್ಕೆ ತಂದರೆ ಕೆಡುತ್ತದೆ. ತೊಂಬತ್ತು 'ಕೊರತೆಯ ಹತ್ತು' ಆಗಿಬಿಡುತ್ತದೆ, ಅಂದರೆ ಬರೀ ಒಂಬತ್ತು! ಹಾಗಾಗಿ ನನಗೆ ಇನ್ನೊಂದು ವಿವರಣೆಯೇ ಸರಿ ಅನ್ನಿಸುತ್ತದೆ. ಹಳೆಯ ತಮಿಳಿನಲ್ಲಿ ಒಂಬತ್ತಕ್ಕೆ 'ತೊಂಡು' ಎಂಬ ಪದ ಇತ್ತು. ತೆಲುಗಿನ ತೊಮ್ಮಿದಿ ಈಗಲೂ ಇದೆ. ಇವೆರಡನ್ನೂ ಜೊತೆಗಿಟ್ಟು ನೋಡಿದರೆ, ನಮ್ಮ 'ತೊಂ' ಕೂಡ ಒಂಬತ್ತಕ್ಕಿದ್ದ ಹಳೆಯ ಹೆಸರೇ ಇರಬೇಕು. 'ಒಂದು ಕಡಿಮೆ ಹತ್ತು' ಬಂದು ಒಂಟಿ ಒಂಬತ್ತಿನ ಜಾಗ ಹಿಡಿಯಿತು, ತೊಂಬತ್ತನ್ನು ಮಾತ್ರ ಮುಟ್ಟಲಿಲ್ಲ. ಹೀಗೆ ತಿಳಿದರೆ ತಮಿಳಿನ ತೊಣ್ಣೂರು ಮಾತ್ರ ಒಗಟಾಗಿ ಉಳಿಯುತ್ತದೆ. ಒಂಬತ್ತು, ನೂರು ಸೇರಿ ತೊಂಬತ್ತು ಹೇಗಾಯಿತು?

ತಮಿಳಿನ ಹಳೆಯ ಅಂಕಿಗಳಲ್ಲಿ ಹತ್ತು, ನೂರು, ಸಾವಿರಕ್ಕೆ ಬೇರೆ ಬೇರೆ ಗುರುತುಗಳಿದ್ದವು. ತೊಂಬತ್ತು ಬರೆಯಬೇಕಾದರೆ ಒಂಬತ್ತರ ಗುರುತು, ಅದರ ಪಕ್ಕ ಹತ್ತರ ಗುರುತು. ಬಾಯಲ್ಲಿ ನೂರು, ಬರಹದಲ್ಲಿ ಹತ್ತು! ಮೆಸ್ಸಿನ ಬಿಲ್ಲಿನಲ್ಲಿ ಈಗ ಎಲ್ಲರಿಗೂ ಒಂದೇ 90. ಸೊನ್ನೆ ಹಚ್ಚಿ ಸ್ಥಾನ ನೋಡಿ ಓದುವ ಅಂಕಿ ಬಂದಮೇಲೆ ಇಂಥ ವ್ಯತ್ಯಾಸ ಕಾಗದದ ಮೇಲೆ ಕಾಣುವುದೇ ಇಲ್ಲ. ಬಾಯಿಬಿಟ್ಟು ಎಣಿಸಿದಾಗಲೇ ಗೊತ್ತಾಗುವುದು.

ಕನ್ನಡದ ತೊಂಬತ್ತು ನಿನ್ನೆ ಮೊನ್ನೆಯದೂ ಅಲ್ಲ. ಗಂಗರ ನಾಡನ್ನು ಶಾಸನಗಳು 'ಗಂಗವಾಡಿ ತೊಂಬತ್ತಾರು ಸಾಸಿರ' ಎಂದೇ ಕರೆದಿವೆ. ಸಾವಿರ ವರ್ಷದ ಹಿಂದೆಯೇ ಈ 'ತೊಂ' ಗಟ್ಟಿಯಾಗಿ ಕೂತಿತ್ತು.

ಈಗ ನನ್ನ ಪ್ರಶ್ನೆಗಳು. ತೊಂಬತ್ತನ್ನು ಬಿಟ್ಟು ಬೇರೆ ಯಾವುದಾದರೂ ಕನ್ನಡ ಪದದಲ್ಲಿ, ಊರಿನ ಹೆಸರಿನಲ್ಲಿ, ಆಟದ ಎಣಿಕೆಯಲ್ಲಿ 'ತೊಣ್' ಅಥವಾ 'ತೊಳ್' ಒಂಬತ್ತಕ್ಕೆ ನಿಂತಿದ್ದು ನೋಡಿದ್ದೀರಾ? ಹಳಗನ್ನಡ ಓದಿದವರು ಒಂಬೈನೂರಕ್ಕೆ ಬೇರೆ ರೂಪ ಕಂಡಿದ್ದರೆ ದಯವಿಟ್ಟು ಸಾಲು ಸಮೇತ ಬರೆಯಿರಿ. ತುಳು, ಕೊಡವ, ಬಡಗ ಮನೆಮಾತಿನವರು ನಿಮ್ಮ ಮನೆಯ ಹಿರಿಯರನ್ನು ಕೇಳಿ 9, 90, 900 ಈ ಮೂರನ್ನೂ ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ಕಳಿಸಿದರೆ ದೊಡ್ಡ ಉಪಕಾರ. ಇನ್ನೊಂದು ಮಾತು. ಬಹಳ ಜನ 'ಒಂಭತ್ತು', 'ತೊಂಭತ್ತು' ಅಂತ ಮಹಾಪ್ರಾಣ ಹಾಕಿ ಬರೆಯುತ್ತಾರೆ. ನಿಮ್ಮ ಕಡೆ ಮಾತಿನಲ್ಲೂ ಆ 'ಭ' ಕೇಳಿಸುತ್ತದೆಯಾ, ಬರವಣಿಗೆಯಲ್ಲಿ ಮಾತ್ರವಾ?