ಎಲ್ಲರಿಗೂ ಒಂಬತ್ತೂವರೆಗೇ ಟೈಮ್ ಕೊಟ್ರೆ ಹೆಂಗೆ?

ಹಾಸನದ ಹುಡುಗ:
ಅಮ್ಮನ್ನ ಶುಗರ್ ಚೆಕಪ್‌ಗೆ ಕರ್ಕೊಂಡು ಹೋಗಿದ್ದೆ, ಫೋನ್ ಮಾಡಿ ಒಂಬತ್ತೂವರೆಗೆ ಟೈಮ್ ತಗೊಂಡಿದ್ದೆ. ಹೋಗಿ ನೋಡಿದ್ರೆ ಬೆಂಚಲ್ಲಿ ಕೂತಿರೋರಿಗೆಲ್ಲಾ ಅದೇ ಒಂಬತ್ತೂವರೆ! ರಕ್ತ ಕೊಡ್ಬೇಕಲ್ಲ ಅಂತ ಅಮ್ಮ ಖಾಲಿ ಹೊಟ್ಟೇಲಿ ಬಂದಿದ್ರು, ಒಳಗೆ ಕರೆದಾಗ ಹನ್ನೆರಡೂಕಾಲು, ಐದು ನಿಮಿಷ ನೋಡಿ 'ರಕ್ತ ಕೊಟ್ಟು ನಾಳೆ ರಿಪೋರ್ಟ್ ತಗೊಂಡ್ ಬನ್ನಿ' ಅಂದ್ರು. ಇದಕ್ಕೊಂದು ದಾರಿ ಇಲ್ವಾ?

ಓಪಿಡಿ ಅಕ್ಕ:
ಅಯ್ಯೋ, ಶುಗರ್ ಇರೋರನ್ನ ಅಷ್ಟೊತ್ತು ಉಪವಾಸ ಕೂರಿಸ್ಬಾರದಪ್ಪ, ಮಾತ್ರೆ ತಗೊಂಡಿದ್ರಂತೂ ಶುಗರ್ ತೀರಾ ಇಳಿದು ಲೋ ಆಗಿಬಿಡಬಹುದು. ನಾನು ಓಪಿಡಿ ನರ್ಸ್. ಟೈಮ್ ತಗೊಂಡೋರಲ್ಲಿ ಕೆಲವ್ರು ಬರಲ್ಲ, ಕೆಲವ್ರಿಗೆ ಬಸ್ ತಪ್ಪತ್ತೆ, ಡಾಕ್ಟರ್ ಸುಮ್ನೆ ಕೂರ್ಬಾರ್ದು ಅಂತ ಎಲ್ಲರನ್ನೂ ಒಟ್ಟಿಗೇ ಕರೀತಾರೆ. ನಮ್ಮಲ್ಲಿ ಹಳೇ ಪೇಷಂಟ್‌ಗಳಿಗೆ ಹೋದ ಸಲವೇ ಲ್ಯಾಬ್ ಚೀಟಿ ಬರೆದು ಕೊಟ್ಟಿರ್ತೀವಿ. ಏಳೂವರೆಗೆ ಬಂದು ರಕ್ತ ಕೊಡ್ತಾರೆ, ತಿಂಡಿ ತಿಂದು ಸರಿಯಾಗಿ ಎರಡು ಗಂಟೆ ಹೊತ್ತು ಆದ್ಮೇಲೆ ಇನ್ನೊಂದ್ಸಲ ಕೊಡ್ತಾರೆ, ಹನ್ನೊಂದರ ಮೇಲೆ ರಿಪೋರ್ಟ್ ಹಿಡ್ಕೊಂಡೇ ಡಾಕ್ಟರ್ ಹತ್ರ ಹೋಗ್ತಾರೆ. ಒಂದೇ ದಿನಕ್ಕೆ ಮುಗೀತು. ಹೊಸಬರಿಗೆ ಜಾಸ್ತಿ ಹೊತ್ತು ಹಿಡಿಯತ್ತೆ, ಅವರ ಟೈಮೇ ಬೇರೆ ಇಡ್ಬೇಕು.

ಲೆಕ್ಕದ ಮೇಷ್ಟ್ರು:
ಇದರ ಲೆಕ್ಕ 1952ರಲ್ಲೇ ಇಂಗ್ಲೆಂಡಲ್ಲಿ ಬೇಯ್ಲಿ, ವೆಲ್ಚ್ ಅನ್ನೋ ಇಬ್ಬರು ಮಾಡಿಟ್ಟಿದ್ದಾರೆ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದಿತ್ತು. ಶುರುವಿಗೆ ಇಬ್ಬರನ್ನ ಕರೀರಿ, ಆಮೇಲೆ ಒಬ್ಬರನ್ನ ನೋಡೋಕೆ ಸರಾಸರಿ ಎಷ್ಟು ನಿಮಿಷ ಆಗತ್ತೋ ಅಷ್ಟು ಬಿಟ್ಟು ಒಬ್ಬೊಬ್ಬರನ್ನೇ ಕರೀರಿ, ಅಷ್ಟೇ. ಬಾಗಿಲ ಹತ್ರ ಒಬ್ಬರು ಕಾಯ್ತಾ ಇದ್ರೆ ಸಾಕು, ಡಾಕ್ಟರ್ ಸುಮ್ನೆ ಕೂರೋ ಪ್ರಶ್ನೆ ಬರಲ್ಲ, ಅದಕ್ಕೆ ಇಪ್ಪತ್ತು ಜನ ಬೇಕಾಗಿಲ್ಲ. ಆದ್ರೆ ಒಂಬತ್ತೂವರೆ ಅಂದ್ರೆ ಡಾಕ್ಟರೂ ಒಂಬತ್ತೂವರೆಗೆ ಕುರ್ಚೀಲಿ ಇರ್ಬೇಕು. ಅವರು ಹತ್ತೂವರೆಗೆ ಬಂದ್ರೆ ಆ ಒಂದು ಗಂಟೆ ಕೊನೇ ಪೇಷಂಟ್‌ವರೆಗೂ ಹಂಗೇ ಸಾಗತ್ತೆ, ನನಗೆ ಬೇಜಾರಾಗೋದು ಇದೇ.

ರಾತ್ರಿ ಪಾಳಿ:
ಆಸ್ಪತ್ರೇಲಿರೋ ಕ್ಯೂಆರ್ ಫೋನಲ್ಲಿ ಸ್ಕ್ಯಾನ್ ಮಾಡಿ ಆಭಾದಿಂದ (ಸರ್ಕಾರದ ಡಿಜಿಟಲ್ ಹೆಲ್ತ್ ಐಡಿ) ಟೋಕನ್ ತಗೊಳ್ಳೋದು 2022ರಿಂದ ಬಂದಿದೆಯಲ್ಲ, ಅದರಿಂದ ಆಗಲ್ವಾ?

ಓಪಿಡಿ ಅಕ್ಕ:
ಚೀಟಿ ಮಾಡಿಸೋ ಕೌಂಟರ್ ಮುಂದಿನ ಕ್ಯೂ ಕಮ್ಮಿ ಆಗತ್ತೆ, ಹೆಸರು ವಯಸ್ಸು ಎಲ್ಲಾ ತಾನೇ ಬಂದ್ಬಿಡತ್ತೆ, ವಯಸ್ಸಾದೋರಿಗೆ ನಿಜವಾಗ್ಲೂ ಉಪಕಾರ. ಡಾಕ್ಟರ್ ರೂಮ್ ಮುಂದಿನ ಕ್ಯೂ ಮಾತ್ರ ಹಂಗೇ ಇರತ್ತೆ. ಟೋಕನ್‌ನಲ್ಲಿ ನಂಬರ್ ಇರತ್ತೆ, ಎಷ್ಟೊತ್ತಿಗೆ ಬರ್ಬೇಕು ಅಂತ ಇರಲ್ವಲ್ಲ.

ಹಾಸನದ ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ. ನಾಳೆ ರಿಪೋರ್ಟ್ ತೋರಿಸೋಕೆ ಹೋದಾಗ್ಲೇ ಮುಂದಿನ ಸಲದ ಲ್ಯಾಬ್ ಚೀಟಿ ಬರೆಸ್ಕೊಂಡು ಬರ್ತೀನಿ, ಡಬ್ಬೀಲಿ ಇಡ್ಲಿ ತಗೊಂಡೇ ಹೋಗ್ತೀವಿ.