ಹತ್ತು ತಿಂಗಳ ಕೂಸು ಒಂದು ಕಡೆ ಕೂರುವುದಿಲ್ಲ, ವಾಕರ್ ತರಬಹುದಾ?

ಪ್ರಶ್ನೆ (ನವನಗರ, ಬಾಗಲಕೋಟೆ):
ನಮಸ್ಕಾರ್ರೀ ಮೇಡಂ. ಮಗನಿಗೆ ಹತ್ತು ತಿಂಗಳು. ಅಂಬೆಗಾಲಲ್ಲಿ ಇಡೀ ಮನೆ ಸುತ್ತುತ್ತಾನೆ, ಕಾಟ್ ಹಿಡಿದು ಎದ್ದು ನಿಲ್ಲುತ್ತಾನೆ. ನಮ್ಮ ಮನೆಯವರು ಡ್ಯೂಟಿಗೆ ಹೋದರೆ ಬರುವುದು ರಾತ್ರಿಯೇ. ಅತ್ತೆಗೆ ಮೊಣಕಾಲು ನೋವು, ಅವನ ಹಿಂದೆ ಓಡೋಕೆ ಆಗಲ್ಲ. "ವಾಕರ್ ತಂದು ಕೂರಿಸು, ರೊಟ್ಟಿ ಬಡಿಯೋವರೆಗಾದ್ರೂ ಸುಮ್ನಿರ್ತಾನ" ಅಂತಾರೆ. ಊಟಕ್ಕಂತೂ ಕೂರಲ್ಲ. ಮೊಬೈಲ್ ತೋರಿಸಿದರೆ ನಾಲ್ಕು ತುತ್ತು, ಅಷ್ಟೇ.

ಮಕ್ಕಳ ಡಾಕ್ಟರ್:
ತಂಗಿ, ವಾಕರ್ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ತಡವಾಗುವುದೇ ಜಾಸ್ತಿ. ಗಾಲಿ ಇರುವುದರಿಂದ ಕೂಸು ಕಣ್ಣು ಮಿಟುಕಿಸುವಷ್ಟರಲ್ಲಿ ಮೆಟ್ಟಿಲ ಹತ್ತಿರ, ಒಲೆ ಹತ್ತಿರ ಹೋಗಿರುತ್ತದೆ. ಕೆನಡಾದಲ್ಲಿ 2004ರಲ್ಲೇ ಇದರ ಮಾರಾಟ ನಿಲ್ಲಿಸಿದ್ದಾರೆ. ರೊಟ್ಟಿ ಬಡಿಯುವಾಗ ಅಡುಗೆಮನೆ ಬಾಗಿಲಿಗೆ ಅಡ್ಡ ಹಲಗೆ ಇಡಿ. ಅತ್ತೆಯವರು ಆಚೆ ಕುರ್ಚಿಯಲ್ಲಿ ಕೂತು ಮಾತಾಡಿಸುತ್ತಾ ಇರಲಿ. ಎರಡು ಸ್ಟೀಲ್ ಬಟ್ಟಲು, ಒಂದು ಚಮಚ ಕೊಟ್ಟರೆ ಹತ್ತು ನಿಮಿಷ ಅವನದೇ ರಾಜ್ಯ.

ಒಂದು ಕೆಲಸ ಇವತ್ತೇ ಮಾಡಿ. ನೀವೂ ಮೊಣಕಾಲೂರಿ ಕೂಸಿನ ಎತ್ತರದಿಂದ ಮನೆ ನೋಡಿ. ನಮ್ಮ ಕಡೆ ನಳ ದಿನಾ ಬರುವುದಿಲ್ಲ, ಹಾಗಾಗಿ ಬಕೆಟ್, ಕೊಡ ಎಲ್ಲಾ ತುಂಬಿಟ್ಟಿರುತ್ತೇವೆ. ಈ ವಯಸ್ಸಲ್ಲಿ ತಲೆಯದೇ ಭಾರ. ಬಗ್ಗಿ ಬಿದ್ದರೆ ತಾನಾಗಿ ಏಳಲು ಬರುವುದಿಲ್ಲ, ಗೇಣು ನೀರು ಸಾಕು. ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ ಹಾಕಿರಿ.

ನನಗೆ ಅದಕ್ಕಿಂತ ಜಾಸ್ತಿ ಭಯ ಶೇಂಗಾದ್ದು. ಮನೆಮನೆಯಲ್ಲೂ ಶೇಂಗಾ ಸುಲಿಯುತ್ತಾ ಕೂರುತ್ತೇವಲ್ಲ, ಒಂದು ಕಾಳು ಚಾಪೆ ಕೆಳಗೆ ಉರುಳಿರುತ್ತದೆ. ಅರೆಯುವ ದವಡೆ ಹಲ್ಲು ಕೂಸಿಗೆ ಇನ್ನೂ ಬಂದಿಲ್ಲ. ಕಾಳು ಜಾರಿ ಶ್ವಾಸನಾಳಕ್ಕೆ ಹೋದರೆ ಎಕ್ಸ್‌ರೇಯಲ್ಲೂ ಕಾಳು ಕಾಣಿಸುವುದಿಲ್ಲ. ಚೆನ್ನಾಗಿ ಆಡುತ್ತಿದ್ದ ಕೂಸು ಒಮ್ಮೆಲೇ ಕೆಮ್ಮಿ ಸುಮ್ಮನಾಯಿತು, ಆಮೇಲೆ ಎದೆಯಲ್ಲಿ ಸುಂಯ್ ಅನ್ನುತ್ತಿದೆ ಅಂದರೆ ನೆಗಡಿ ಅಂತ ಕೂರಬೇಡಿ. ಅವತ್ತೇ ತೋರಿಸಿ. ಐದು ವರ್ಷದವರೆಗೆ ಇಡೀ ಕಾಳು ಬೇಡ. ಹುರಿದು ನುಣ್ಣಗೆ ಪುಡಿ ಮಾಡಿ, ಖಾರ ಹಾಕದೆ ಗಂಜಿಗೆ ಕಲಸಿದರೆ ಒಳ್ಳೆಯದೇ.

ಊಟದ ವಿಷಯ. ಈ ವಯಸ್ಸಿಗೆ ಎದೆಹಾಲಿನ ಜೊತೆ ಅರ್ಧ ಬಟ್ಟಲಿನಂತೆ ದಿನಕ್ಕೆ ಮೂರ್ನಾಲ್ಕು ಸಲ ಸಾಕು. ಬಿಸಿ ಜೋಳದ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ಕಿವುಚಿ, ತುಪ್ಪ ಹಾಕಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ, ಜೇನುತುಪ್ಪ ನೆಕ್ಕಿಸಲೂ ಬೇಡ. ನಿಮ್ಮ ಜೊತೆ ನೆಲಕ್ಕೆ ಕೂರಿಸಿ, ಅವನದೇ ಬಟ್ಟಲು ಕೊಡಿ. ಮೈಗೆಲ್ಲಾ ಮೆತ್ತಿಕೊಳ್ಳಲಿ, ಪರವಾಗಿಲ್ಲ. ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ. ಮೊಬೈಲ್ ನೋಡುತ್ತಾ ತಿಂದರೆ ಹೊಟ್ಟೆ ತುಂಬಿದ್ದೂ ಅವನಿಗೆ ತಿಳಿಯುವುದಿಲ್ಲ.

ಜಮಖಂಡಿಯ ಒಬ್ಬ ತಂದೆ:
ಮೇಡಂ, ಮಗಳಿಗೆ ಹದಿಮೂರು ತಿಂಗಳು, ಇನ್ನೂ ನಡೆಯಲ್ಲ. ಓಣಿಯವರೆಲ್ಲಾ ಕೇಳ್ತಾರೆ.

ಮಕ್ಕಳ ಡಾಕ್ಟರ್:
ಹಿಡಿದುಕೊಂಡು ನಿಲ್ಲುತ್ತಾಳಲ್ವಾ? ಹಾಗಿದ್ದರೆ ಕಾಯಿರಿ. ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ ಕರೆದುಕೊಂಡು ಬನ್ನಿ.

ನವನಗರದ ತಾಯಿ:
ನೀವು ಹೇಳಿದಂಗೆ ನೆಲಕ್ಕೆ ಕೂತು ನೋಡಿದೆ ಮೇಡಂ. ಕಾಟ್ ಕೆಳಗೆ ಎರಡು ಶೇಂಗಾ ಕಾಳು, ಹಳೇ ಆಟಿಕೆಯ ಚಪ್ಪಟೆ ಸೆಲ್ ಒಂದು. ನೋಡಿ ಕೈಕಾಲು ನಡುಗಿತು. ಮಾವ ಅವರಾಗೇ ಶೇಂಗಾ ಬುಟ್ಟಿ ಅಟ್ಟಕ್ಕೆ ಹಾಕಿದರು. ಏನಾದ್ರೂ ಸಿಕ್ಕಿಕೊಂಡರೆ ಏನು ಮಾಡಬೇಕು?

ಮಕ್ಕಳ ಡಾಕ್ಟರ್:
ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಉಸಿರು, ಅಳು ಎರಡೂ ಹೊರಡುತ್ತಿಲ್ಲ ಅಂದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ. ಎರಡು ಹೆಗಲ ನಡುವೆ ಅಂಗೈಯಿಂದ ಐದು ಪೆಟ್ಟು. ಬರಲಿಲ್ಲವಾ, ಅಂಗಾತ ತಿರುಗಿಸಿ ಎದೆ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ. ಹೊರಬರುವವರೆಗೆ ಇದನ್ನೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಚಪ್ಪಟೆ ಸೆಲ್ ನುಂಗಿದ ಅನುಮಾನ ಬಂದರೂ ಸಾಕು, ಕೂಸು ಆರಾಮ ಇದ್ದರೂ ಸೀದಾ ಆಸ್ಪತ್ರೆಗೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ. ಮತ್ತೆ, ಒಂಬತ್ತು ತಿಂಗಳ ದಡಾರದ ಲಸಿಕೆ ಹಾಕಿಸಿದ್ದೀರಾ? ಕಾರ್ಡ್ ತೆಗೆದು ನೋಡಿ ಹೇಳಿ.